ದುರುಗಕ್ಕ ಒಪ್ಪದ ವಾಕ್ಯ

ಒಂದು ಮಾತಿನ ಅರ್ಥ ಕೇಳಿದರೆ ದುರುಗಕ್ಕ ಎದ್ದು ನಿಲ್ಲುತ್ತಿದ್ದರು. ಕೂತಲ್ಲಿಂದ ಅರ್ಥ ಹೇಳಿದ್ದನ್ನು ನಾನು ಕಂಡಿಲ್ಲ. ‘ಸೀಳು’ ಅಂದರೇನು ಎಂದರೆ ಸೌದೆಯ ತುಂಡು ಹುಡುಕಿ, ಕೊಡಲಿ ಎತ್ತಿ, ಎರಡು ಹೋಳು ಮಾಡಿ, “ನೋಡಿದ್ಯಾ ತಮ್ಮಾ? ಬರ್ಕೋ” ಎನ್ನುತ್ತಿದ್ದರು. ತಲೆಗೆ ಕೆಂಪು ಟವೆಲ್ಲು ಸುತ್ತುತ್ತಿದ್ದರೆಂದು ನನ್ನ ನೆನಪು. ನನ್ನ ಬಳಿಯಿರುವ ಒಂದೇ ಫೋಟೋದಲ್ಲಿ ಅದು ಹಸಿರು. ಹಾಗಾಗಿ ಇಲ್ಲಿ ಬರೆಯುವುದನ್ನೂ ಪೂರ್ತಿ ನಂಬಬೇಡಿ.

ಎಮ್ಮಿಗನೂರಿನಲ್ಲಿ ಅವರದು ಎಂಟು ಹೆಂಗಸರ ಕೊಯ್ಲಿನ ಗುಂಪು. ಯಂತ್ರ ಬಂದ ಮೇಲೂ ಗಾಳಿಗೆ ಮಲಗಿದ ನೆಲ್ಲು, ಯಂತ್ರ ಹೂತುಹೋಗುವ ಕೆಸರುಗದ್ದೆ ಅವರ ಪಾಲಿಗೇ ಬರುತ್ತಿದ್ದವು. ನಾನು ಹೊಸಪೇಟೆಯಿಂದ ಕಂಪ್ಲಿ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದುದು ಪಿಎಚ್.ಡಿ.ಗಾಗಿ. ಕೊಯ್ಯು, ಕಡಿ, ಹೆಚ್ಚು, ಸೀಳು, ಹರಿ ಎಂದು ತುಂಡು ಮಾಡುವುದಕ್ಕೆ ಕನ್ನಡದಲ್ಲಿ ಇಷ್ಟೊಂದು ಕ್ರಿಯಾಪದಗಳೇಕೆ, ಯಾವಾಗ ಯಾವುದನ್ನು ಆರಿಸುತ್ತೇವೆ ಎಂಬುದು ನನ್ನ ವಿಷಯ. ಪದದ ಅರ್ಥವನ್ನು ಅದು ಮಾಡುವ ಕೆಲಸದಲ್ಲಿ ಹುಡುಕಬೇಕು ಎಂದು ಓದಿಕೊಂಡಿದ್ದೆ. ಆದರೂ ಕೋಣೆಯಲ್ಲೇ ಕೂತು ಒಂದು ಸಿದ್ಧಾಂತ ಕಟ್ಟಿದ್ದೆ. ಕೈಯಲ್ಲಿರುವ ಉಪಕರಣವೇ ಕ್ರಿಯಾಪದವನ್ನು ನಿರ್ಧರಿಸುತ್ತದೆ. ಕುಡುಗೋಲಾದರೆ ಕೊಯ್ಯು, ಮಚ್ಚಾದರೆ ಕಡಿ.

ದುರುಗಕ್ಕನದು ಒಂದೇ ಷರತ್ತು. ಹಿಂದೆ ಯಾವುದೋ ಸಮೀಕ್ಷೆಗೆ ಬಂದವರು ಅವರ ಹೆಸರಿನ ಮುಂದೆ, ಅವರು ಹೇಳದೆಯೇ, ‘ನೀರಿನ ತೊಂದರೆ ಇಲ್ಲ’ ಎಂದು ಬರೆದುಕೊಂಡು ಹೋಗಿದ್ದರಂತೆ. “ನನ್ ಹೆಸರು ಹಾಕಾದಾದ್ರ ಮೊದ್ಲು ನನಗ ಓದಿ ಹೇಳ್ಬೇಕು ನೋಡಪ್ಪ. ಆಮ್ಯಾಲ ಎಲ್ಲ್ಯರ ಕೊಡು.”

ಅಧ್ಯಾಯ ಒಪ್ಪಿಸಲು ಮೂರು ದಿನ ಉಳಿದಿತ್ತು. ಗದ್ದೆಯ ಬದುವಿನ ಮೇಲೆ ಕೂತು, ಅವರ ಮಾತುಗಳನ್ನು ಬರೆದಿಟ್ಟುಕೊಂಡಿದ್ದ ಚೀಟಿಗಳನ್ನು ಓದಿದೆ. ಒಂದೊಂದಕ್ಕೂ “ಹೂಂ” ಅನ್ನುತ್ತ ಬಂದವರು, ‘ಕುಡುಗೋಲು ತಗೊಂಡು ಜಾಲಿ ಕೊಯ್ದೆ’ ಎಂಬಲ್ಲಿ ತಡೆದರು.

“ಇದು ಯಾರಂದಿದ್ದು?”

“ನೀವ ಅಕ್ಕಾ. ಹೋದ ತಿಂಗ್ಳು.”

“ನಾ ಹಂಗ ಅಂದಿರಂಗಿಲ್ಲ ಬಿಡು. ಜಾಲಿ ಯಾರರ ಕೊಯ್ತಾರೇನು? ಕಡೀತಾರ. ಜಾಲಿ ಏನ್ ಬೆಳಿಯಾ, ಕೊಯ್ದು ಮನಿಗೆ ತರಾಕ?”

“ಕಬ್ಬು ಬೆಳಿ ಅಲ್ಲೇನಕ್ಕ? ಅದನ್ನೂ ಕಡೀತಾರಲ್ಲ?”

ಗುಂಪಿನ ಹೆಂಗಸರು ನಕ್ಕರು. “ಅದನ್ನ ಕಬ್ಬಿನೋರ್ನ ಕೇಳು,” ಎಂದರು ದುರುಗಕ್ಕ. “ನನ್ನ ಬಾಯಾಗ ಇಲ್ಲದ್ದು ನೀ ಹಾಕಬ್ಯಾಡ.”

ಆ ಚೀಟಿಯಿಲ್ಲದೆ ನನ್ನ ಸಿದ್ಧಾಂತ ನಿಲ್ಲುತ್ತಿರಲಿಲ್ಲ. ಬೆಳೆಯಲ್ಲದ್ದನ್ನೂ ಕುಡುಗೋಲಿನಿಂದ ‘ಕೊಯ್ದ’ ಉದಾಹರಣೆ ನನ್ನಲ್ಲಿ ಅದೊಂದೇ. ರೆಕಾರ್ಡಿಂಗ್ ಇರಲಿಲ್ಲ; ವಾಪಸು ಬರುವಾಗ ಬಸ್ಸಿನಲ್ಲಿ ನೆನಪಿನಿಂದ ಬರೆದದ್ದು. ಅವರು ಅಂದಿದ್ದರೋ, ನನಗೆ ಬೇಕಾದ್ದನ್ನು ನಾನೇ ಹೊಂದಿಸಿಕೊಂಡೆನೋ, ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಹಾಗೇ ಉಳಿಸಿದ್ದರೆ ವಿಶ್ವವಿದ್ಯಾಲಯದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ಕೇಳಿದ್ರ ಸಿಗಂಗಿಲ್ಲ ತಮ್ಮಾ,” ಎಂದು ದುರುಗಕ್ಕ ಎದ್ದರು. “ಸುಮ್ನ ಕುಂದ್ರು. ಬೇಕಾದಾಗ ಮಾತು ತಾನಾ ಬರ್ತೈತಿ.”

ಊಟದ ಹೊತ್ತಿನವರೆಗೆ ಕೂತೆ. ಬುತ್ತಿ ಹೊತ್ತು ಬದುವಿನ ಮೇಲೆ ಬರುತ್ತಿದ್ದ ಹೆಂಗಸೊಬ್ಬಳ ಸೀರೆ ಅಡ್ಡ ಬಾಗಿದ ಜಾಲಿಯ ಮುಳ್ಳಿಗೆ ಸಿಕ್ಕಿತು. ದುರುಗಕ್ಕ ನನ್ನ ಕಡೆ ನೋಡಲೂ ಇಲ್ಲ. ತಮ್ಮ ಕುಡುಗೋಲನ್ನು ಪಕ್ಕದ ಹುಲಿಗೆಮ್ಮನಿಗೆ ಚಾಚಿ, “ಏ ಹುಲಿಗಿ, ಆ ಟೊಂಗಿ ಕಡ್ದು ಒಗಿಯೇ ಜಲ್ದಿ,” ಎಂದರು.

ಹುಲಿಗೆಮ್ಮ ಕುಡುಗೋಲು ಹಿಡಿದೇ ಕಡಿದಳು. ನನ್ನ ಅಧ್ಯಾಯ ಅಲ್ಲೇ ಮುಗಿಯಿತು. ಮಾರ್ಗದರ್ಶಕರಿಂದ ಬೈಸಿಕೊಂಡು ಇನ್ನೊಂದು ವರ್ಷ ತೆಗೆದುಕೊಂಡೆ. ಕೈಯಲ್ಲಿ ಏನಿದೆ ಎನ್ನುವುದನ್ನು ಬಿಟ್ಟು, ಎದುರಿಗೆ ಏನಿದೆ, ಅದರಿಂದ ಏನಾಗಬೇಕಾಗಿದೆ ಎಂದು ನೋಡುತ್ತ ಹೋದೆ. ಕಬ್ಬು ಮಾತ್ರ ಕೊನೆಯವರೆಗೂ ಬಗ್ಗಲಿಲ್ಲ. ನನಗೆ ತಿಳಿಯದು ಎಂದೇ ಬರೆದೆ. ಇಡೀ ಪ್ರಬಂಧದಲ್ಲಿ ಇವತ್ತಿಗೂ ಮುಜುಗರವಿಲ್ಲದೆ ಓದಬಲ್ಲ ಪುಟ ಅದು. ಆ ಪುಟ ದುರುಗಕ್ಕ ಕೊಟ್ಟದ್ದು.

ಅವರು ಹೋಗಿ ಎರಡು ವರ್ಷವಾಯಿತು. ಇಲ್ಲಿ ಅವರದೆಂದು ಹಾಕಿರುವ ಮಾತುಗಳನ್ನು ನಿನ್ನೆ ಹುಲಿಗೆಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಒಂದನ್ನು ಆಕೆ ಒಪ್ಪಲಿಲ್ಲ. ತೆಗೆದಿದ್ದೇನೆ.