ನಾಲ್ಕು ಗಂಟೆಯ ಫೋನು

ಈ ಅಂಕಣಕ್ಕೆ ಇದನ್ನು ಬರೆಯಬೇಕೆಂದು ಕೂತು, ಬೇರೆ ಏನನ್ನೋ ಬರೆದು ಕಳಿಸಿದ ವಾರಗಳೆಷ್ಟೋ. ಬಿಸಿಲಿನ ಬಗ್ಗೆ ಬರೆದೆ, ಸಾವಳಗಿ ಬಸ್ಸಿನ ಸೀಟಿನ ಜಗಳ ಬರೆದೆ, ನನ್ನ ಮೊಣಕಾಲಿನ ಬಗ್ಗೆ ಎರಡು ಸಲ ಬರೆದೆ. (ನೀವೂ ಸಹಿಸಿಕೊಂಡಿರಿ.) ಇದೊಂದನ್ನು ಮಾತ್ರ ಮುಂದೂಡುತ್ತ ಬಂದೆ.

ಕಳೆದ ವಾರ ಮುಂದೂಡಲು ಜಾಗವೇ ಉಳಿಯಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಓದಿದ ಕ್ಲಾರ್ಕ್ ಎಂಬುದು ನಿಮಗೆ ಗೊತ್ತು. ನಮ್ಮ ಸಂಸ್ಥೆಗೆ ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಎಂದು ನಾಲ್ಕು ಕಾಲೇಜು. ಅಷ್ಟೂ ವಿದ್ಯಾರ್ಥಿಗಳ ಹೆಸರು, ಹಾಜರಿ, ಅಂಕಗಳನ್ನು ಜಮಖಂಡಿ ಆಫೀಸಿನ ಒಂದೇ ಕಂಪ್ಯೂಟರಿಗೆ ತುಂಬುತ್ತಿದ್ದವನು ನಾನು. ಈಗ ಆ ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದು ಹಾಕುತ್ತಿದ್ದಾರೆ. ಹಳೆಯದರ ಕೋಡುಗಳು ಯಾರಿಗೂ ತಿಳಿಯದೆ, ರಿಟೈರ್ ಆದ ನನ್ನನ್ನು ಕರೆಸಿದರು. ಇಸ್ತ್ರಿ ಅಂಗಿ ಹಾಕಿಕೊಂಡೇ ಹೋದೆ!

ಹೊಸದನ್ನು ಹಾಕಲು ಬಂದ ಇಂಜಿನಿಯರ್ ಶ್ರುತಿ ಮುಧೋಳದವಳು. ಚುರುಕು. ಎರಡನೆಯ ದಿನ ಹಳೆಯ ಕಂಪ್ಯೂಟರಿನಲ್ಲಿ ಏನೋ ತೆರೆದು ನಕ್ಕಳು.

"ಅಜ್ಜಾರ, ಇದು ಎಲ್ಲಾ ಬರದಿಟ್ಟೈತ್ರಿ. ಯಾರು ಏನ್ ತುಂಬಿದ್ರು, ಯಾರು ಏನ್ ಅಳಿಸಿದ್ರು, ಟೈಮ್ ಸಮೇತ. ಬನಹಟ್ಟಿ ಫೈನಲ್ ಇಯರ್ ಮಾರ್ಕ್ಸ್ ತುಂಬಿ, ಪೂರಾ ಡಿಲೀಟ್ ಮಾಡೀರಲ್ರಿ ನೀವು!"

"ಹಳೇ ಮಾತು ಬಿಡವ್ವಾ," ಎಂದೆ.

"ಬಿಟ್ಟಂಗ ರೀ. ಹೊಸದಕ್ಕ ಇದು ಬರೂದಿಲ್ಲ. ಬರೇ ಹೆಸರು, ಮಾರ್ಕ್ಸ್ ಅಷ್ಟ. ಸೋಮವಾರ ಈ ಮಷೀನ್ ಸ್ವಚ್ಛ ಮಾಡಿಬಿಡ್ತೀವ್ರಿ."

ಆಗೆಲ್ಲ ಬನಹಟ್ಟಿ ಕಾಲೇಜಿಗೆ ಇಂಟರ್ನೆಟ್ ಇರಲಿಲ್ಲ. ಅಲ್ಲಿ ಟೆಂಪರರಿ ಕೆಲಸಕ್ಕಿದ್ದ, ನೇಕಾರರ ಮನೆಯ ಹುಡುಗಿಯೊಬ್ಬಳು ದಿನಾ ನಾಲ್ಕು ಗಂಟೆಗೆ ಫೋನ್ ಮಾಡಿ ಪಟ್ಟಿ ಓದುತ್ತಿದ್ದಳು. ನಾನು ರಿಸೀವರನ್ನು ಹೆಗಲಿಗೆ ಒತ್ತಿಕೊಂಡು ಟೈಪು ಮಾಡುತ್ತಿದ್ದೆ. ಒಂದೊಂದು ಹೆಸರಿಗೂ ನಾನು "ಆತು" ಎನ್ನಬೇಕು. ಅನ್ನದಿದ್ದರೆ ಆಕೆ ಮುಂದಿನದನ್ನು ಓದುತ್ತಿರಲಿಲ್ಲ. ಮಾತಿನ ಹಿಂದೆ ಪಕ್ಕದ ಓಣಿಯ ಮಗ್ಗಗಳ ಸದ್ದು.

ನಮ್ಮ ಕಡೆಯ ಅಡ್ಡಹೆಸರುಗಳು ಬಂದರೆ ಮುಗಿಯಿತು.

"ಕಾಕಾ, ಮೆಣಸಿನಕಾಯಿ ಬಂತ್ರಿ. ಅದರ ಹಿಂದ ಉಳ್ಳಾಗಡ್ಡಿ ಐತಿ. ಒಗ್ಗರಣಿ ಹಾಕೂದಷ್ಟ ಬಾಕಿ!"

"ನಗಸಬ್ಯಾಡ ಮಾರಾಯ್ತಿ, ತಪ್ಪಾಕ್ಕತಿ."

ತಪ್ಪು ಆಯಿತು. ಆದರೆ ನಗುವಾಗ ಅಲ್ಲ. ಒಂದು ದಿನ ಹಳೆಯ ಪಟ್ಟಿ ತೆಗೆಯುವ ಅವಸರದಲ್ಲಿ ಬನಹಟ್ಟಿಯ ಮಾರ್ಕ್ಸ್ ಅಳಿಸಿಬಿಟ್ಟೆ. ಗೊತ್ತಾಗಲಿಲ್ಲವೇ? ಆ ಕ್ಷಣಕ್ಕೇ ಗೊತ್ತಾಯಿತು. "ಇನ್ನೊಮ್ಮೆ ಓದವ್ವಾ" ಎಂದಿದ್ದರೆ ಒಂದು ಸಂಜೆಯ ಕೆಲಸ. ನಾಚಿಕೆಯಾಯಿತು. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಬರುವಷ್ಟರಲ್ಲಿ ಯುನಿವರ್ಸಿಟಿಗೆ ಕಳಿಸುವ ಗಡುವು ಮುಗಿದಿತ್ತು. ಒಂದಿಡೀ ಕ್ಲಾಸಿನ ರಿಸಲ್ಟ್ ತಡೆಹಿಡಿದರು.

ಪಾಲಕರು ಆಫೀಸಿಗೆ ನುಗ್ಗಿದರು. ಸೆಕ್ರೆಟರಿ ನನ್ನನ್ನು ಕರೆದು ಕೇಳಿದರು.

"ಬನಹಟ್ಟಿಯಿಂದ ಬಂದೇ ಇಲ್ರಿ," ಎಂದೆ.

ಅಷ್ಟೇ. ಫೋನಿನಲ್ಲಿ ಓದಿದ್ದಕ್ಕೆ ಸಾಕ್ಷಿ ಎಲ್ಲಿಯದು? ಮರುದಿನವೇ ಆಕೆಗೆ ಬರಬೇಡ ಎಂದರು. ಆವತ್ತೂ ನಾಲ್ಕು ಗಂಟೆಗೆ ಫೋನ್ ಬಂತು.

"ಕಾಕಾ, ನಾ ಓದಿದ್ನಲ್ರಿ? ನೀವು ಒಂದೊಂದಕ್ಕೂ ಆತು ಆತು ಅಂದಿದ್ರಿ."

"ನನಗ ನೆನಪಿಲ್ಲವ್ವಾ."

ಆಕೆಯ ಹಿಂದೆ ಮಗ್ಗಗಳು ಬಡಿಯುತ್ತಲೇ ಇದ್ದವು.

"ಆತ್ರಿ ಕಾಕಾ," ಎಂದು ಫೋನ್ ಇಟ್ಟಳು.

ಈಗ ಅಂಗಿಯ ಜೇಬಿನಲ್ಲೇ ಫೋನ್ ಇದೆ. ಇಡೀ ದಿನ ಬಡಿದುಕೊಳ್ಳುತ್ತದೆ. ಆದರೂ ನಾಲ್ಕಕ್ಕೆ ಚಹಾ ಹಿಡಿದು ಅದನ್ನೇ ನೋಡುತ್ತ ಕೂರುತ್ತೇನೆ. ಆ ದನಿಯಲ್ಲಿ ಒಂದು ಹೆಸರು, ಒಂದೇ ಒಂದು ಹೆಸರು ಕೇಳಿದರೆ ಸಾಕು ಅನ್ನಿಸುತ್ತದೆ. "ಯಾರದರೆ ಫೋನ್ ಬರೂದೈತೇನ?" ಎಂದು ಹೆಂಡತಿ ಕೇಳುತ್ತಾಳೆ. ಇಲ್ಲ ಎನ್ನುತ್ತೇನೆ. (ಈ ಉತ್ತರವಾದರೂ ನಿಜ.)

ಸೋಮವಾರಕ್ಕೆ ಮೊದಲೇ, ನಾನು ತುಂಬಿ ಅಳಿಸಿದ್ದನ್ನು ತೋರಿಸುವ ಆ ಪುಟದ ಪ್ರಿಂಟ್ ತೆಗೆದುಕೊಡು ಎಂದು ಶ್ರುತಿಯನ್ನು ಕೇಳಿದೆ.

"ಇದನ್ನ ತಗೊಂಡು ಏನ್ ಮಾಡ್ತೀರಿ ಅಜ್ಜಾರ?"

"ಒಬ್ಬರಿಗೆ ತೋರಸೂದೈತಿ."

ಹಾಳೆ ಜೇಬಿನಲ್ಲಿದೆ. ಎರಡು ಸಲ ಬಸ್ ಸ್ಟ್ಯಾಂಡಿಗೆ ಹೋದೆ. ಬನಹಟ್ಟಿಯ ಬಸ್ಸು ಬಂತು, ಹೋಯಿತು. ಆಕೆ ಆ ಊರಿನಲ್ಲೇ ಇದ್ದಾಳೋ ಇಲ್ಲವೋ, ಅದೂ ತಿಳಿಯದು. ಸೋಮವಾರ ಆ ಕಂಪ್ಯೂಟರನ್ನೂ ಅಳಿಸಿದರು. ಈಗ ಉಳಿದಿರುವುದು ಈ ಹಾಳೆ ಮತ್ತು ನಾನು. ಎರಡೂ ಎಷ್ಟು ದಿನ?

ಈ ಪತ್ರಿಕೆ ಬನಹಟ್ಟಿಗೂ ಹೋಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನೀ ಓದಿದ್ದಿ. ನಾ ಬರಕೊಂಡಿದ್ದೆ. ನನಗ ನೆನಪಿತ್ತು, ಸುವರ್ಣಾ.