ಮಗ್ಗದ ಸದ್ದಿನಲ್ಲಿ ಒಂದೇ ಪದ

ಕನ್ನಡದವರಿಗೊಂದು ಪುಣ್ಯವಿದೆ. ಅದು ಗೊತ್ತಾಗಬೇಕಾದರೆ ಪವರ್‌ಲೂಮ್ ಪಕ್ಕ ನಿಂತು ಮಾತಾಡಬೇಕು. ಆ ಸದ್ದು ಮಾತಿನ ತಲೆ, ಮೈ ಎಲ್ಲ ನುಂಗಿ ಬಾಲ ಮಾತ್ರ ಬಿಡುತ್ತೆ: ಹಿಡಿ, ಕಟ್ಟು, ನಿಲ್ಲಿಸು. ಮಾಡಬೇಕಾದ ಕೆಲಸ ನಮ್ಮಲ್ಲಿ ಬಾಲದಲ್ಲೇ ಇರೋದು!

ಆರನೇ ಕ್ಲಾಸಿಗೆ ಶಾಲೆ ಬಿಟ್ಟು ದೊಡ್ಡಬಳ್ಳಾಪುರದಲ್ಲಿ ಸ್ವಂತ ಎರಡು ಮಗ್ಗ ಹಾಕಿದವನು ನಾನು. ವ್ಯಾಕರಣ ಓದದಿದ್ದರೂ ಒಂದು ಸೋಜಿಗ ಕಂಡುಕೊಂಡಿದ್ದೇನೆ. 'ಮಲಗು' ಅಂದರೆ ಮಲಗುವವನೊಬ್ಬ ಸಾಕು. 'ಕೊಡು' ಅಂದರೆ ಕೊಡೋರು, ಇಸ್ಕೊಳ್ಳೋರು, ವಸ್ತು ಅಂತ ಮೂರು ಜಾಗ ತಾವಾಗಿ ತೆರೆದುಕೊಳ್ಳುತ್ತವೆ. ಯಾರು, ಏನು ಅನ್ನೋದನ್ನ ಬಾಯಿ ಹೇಳದಿದ್ದರೆ ಕಣ್ಣು ಹೇಳುತ್ತೆ. ನಾನು 'ಕಟ್ಟು' ಅಂತ ಕೂಗಿ ಹುಬ್ಬು ಹಾರಿಸಿದರೆ ನನ್ನ ಹೆಂಡತಿ ಗಂಗಮ್ಮ ಸರಿಯಾಗಿ ಅದೇ ಹರಿದ ಎಳೆಗೆ ಬರುತ್ತಾಳೆ. ಈ ವಿದ್ಯೆಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಮೊನ್ನೆ ಶಿವಗಂಗೆಗೆ ಹೋಗುವ ಬಸ್ಸಿನಲ್ಲಿದ್ದೆ. ಗಂಗಮ್ಮ ಫೋನ್ ಮಾಡಿ, ಸೀರೆ ವ್ಯಾಪಾರಿಯ ಕಡೆಯವನು ಬಂದಿದ್ದಾನೆ ಅಂದಳು. 'ಕೊಟ್ಟುಬಿಡು' ಅಂತ ಹೇಳಿ ಇಟ್ಟೆ.

ಇಟ್ಟ ಮೇಲೆ ನೆನಪಾಯ್ತು. ಬೀರುವಿನಲ್ಲಿ ಏಳು ಕೆಂಪು ಸೀರೆ ಇದ್ದವು. ಆರು ಆ ವ್ಯಾಪಾರಿಗೆ ಕೊಡಬೇಕಾದವು. ಏಳನೆಯದು ಮಗಳ ಧಾರೆಗೆಂದು ನಾನೇ ನೇಯ್ದದ್ದು. ಸಮಯ ಬಂದಾಗ ಹೇಳೋಣ ಅಂತ ಯಾರಿಗೂ ಬಾಯಿಬಿಟ್ಟಿರಲಿಲ್ಲ. ಮೂರು ಜಾಗದಲ್ಲಿ ವಸ್ತುವಿನದನ್ನು ಖಾಲಿ ಬಿಟ್ಟಿದ್ದೆ, ತುಂಬಬೇಕಾದ ಕಣ್ಣು ಬಸ್ಸಿನಲ್ಲಿ ಕೂತಿತ್ತು. ತಿರುಗಿ ಫೋನ್ ಮಾಡಿದರೆ ಮಗ್ಗದ ಸದ್ದಿನಲ್ಲಿ ಅವಳಿಗೆ ಕೇಳಿಸಲೇ ಇಲ್ಲ. ನೆಲಮಂಗಲದಲ್ಲೇ ಇಳಿದು ವಾಪಸು ಬಸ್ಸು ಹತ್ತಿದೆ.

ಬೀರು ತೆಗೆದರೆ ಒಂದು ಸೀರೆ ಉಳಿದಿದೆ, ಅದೇ! ಹೇಗೆ ಗೊತ್ತಾಯ್ತು ಅಂತ ಕೇಳಿದೆ.

"ಬೇರೆ ಸೀರೆಗೆಲ್ಲ ಎಳೆ ಹರಿದಾಗ ಕಟ್ಟು, ಕಟ್ಟು ಅಂತ ನನ್ನ ಪ್ರಾಣ ತೆಗೀತಿದ್ರಿ. ಇದಕ್ಕೆ ಒಂದು ಸಲಾನಾದ್ರೂ ಕರೆದ್ರಾ? ನೀವೇ ಕೂತು ಕಟ್ಕೊಂಡ್ರಿ. ಮಗಳಿಗಲ್ದೆ ಇನ್ಯಾರಿಗೆ?" ಅಂದಳು. ಆಡದ ಮಾತನ್ನೂ ಓದಿದ್ದಾಳೆ, ನನಗಿಂತ ದೊಡ್ಡ ಪಂಡಿತೆ.

"ಮಗಳಿಗಾದ್ರೂ ಬಾಯಿಬಿಟ್ಟು ಹೇಳಿ" ಅಂತ ತಾಕೀತು ಮಾಡಿದಳು. ನಿಜ, ಮಗಳು ಮಗ್ಗದ ಪಕ್ಕ ನಿಂತು ಕೆಲಸ ಮಾಡಿದವಳಲ್ಲ. ತಲೆ, ಮೈ, ಬಾಲ ಎಲ್ಲ ಇರುವ ಮಾತೊಂದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು, ಸೀರೆ ಹಿಡಿದು ಅವಳ ಮುಂದೆ ನಿಂತೆ. ಬಾಯಿಂದ ಬಂದದ್ದು 'ತಗೋ' ಅಂತ ಅಷ್ಟೆ.

ಅವಳು ಸೆರಗು ಬಿಡಿಸಿ ನೋಡಿದಳು. ಆಮೇಲೆ ನನ್ನ ಕೈ ನೋಡಿದಳು. "ಅಪ್ಪಾ, ನೀನೇ ನೇಯ್ದಿದ್ದಾ?"

'ಹೂಂ' ಅಂದೆ. ಅದರಲ್ಲಿ ಕ್ರಿಯಾಪದವೂ ಇರಲಿಲ್ಲ. ಅವಳಿಗೆ ಏನೂ ಕಮ್ಮಿ ಅನ್ನಿಸಿದ ಹಾಗೆ ಕಾಣಲಿಲ್ಲ.