ಬ್ಯಾಟರಿಯ ಮೇಲಿನ ವಿಭೂತಿ

ಆಗೆಲ್ಲ ಕಾರು ಅಂದರೆ ನೂಕುವ ವಸ್ತು. ಭಾನುವಳ್ಳಿಯ ನಮ್ಮ ಮನೆಯಲ್ಲಿ ದೊಡ್ಡಪ್ಪನ ಹಳೇ ಕಾರೊಂದಿತ್ತು. ಬೆಳಿಗ್ಗೆ ಅದು ತಾನಾಗಿ ಶುರುವಾದದ್ದು ಕಡಿಮೆ. ಮಂಡಕ್ಕಿ ತಿನ್ನುತ್ತಿದ್ದ ಮಕ್ಕಳೆಲ್ಲ ಲಂಗಕ್ಕೆ, ಚಡ್ಡಿಗೆ ಕೈ ಒರೆಸಿಕೊಂಡು ಹಿಂದಿನಿಂದ ನೂಕುತ್ತಿದ್ದೆವು. ಗುರ್ರ್ ಅಂದಾಗ ಪೆಟ್ರೋಲಿನ ಹೊಗೆ ಮೂಗಿಗೆ ಬಡಿಯುತ್ತಿತ್ತು. ನಮಗೆ ಅದೇ ಆಟ.

ಅಮಾವಾಸ್ಯೆಗೆ ಕಾರು ತೊಳೆದು, ಬಾನೆಟ್ ಎತ್ತಿ, ಬ್ಯಾಟರಿಗೂ ಕುಂಕುಮ ಹಚ್ಚುತ್ತಿದ್ದರು. ಒಂದು ಸಲ ನೋಡಿದರೆ, ವೈರು ಕಚ್ಚಿಸುವ ಜಾಗದಲ್ಲಿ ಬೆಳ್ಳನೆಯ ಪುಡಿ ಕೂತಿತ್ತು. ಯಾರೂ ಹಚ್ಚಿದ್ದಲ್ಲ. ಅಪ್ಪನ ತಾಯಿ, ನಮ್ಮಜ್ಜಿ, ಕೈ ಮುಗಿದಳು.

"ವಿಭೂತಿ ತಾನೇ ಮೂಡೈತೆ. ಯಾರೂ ಒರಸಬ್ಯಾಡ್ರಿ."

ಅಮ್ಮ ಮುಟ್ಟಿ ನೋಡಿದಳು. ಸ್ವಲ್ಪ ಹೊತ್ತಿಗೆ ಬೆರಳು ಕೆಂಪಗಾಯಿತು.

"ವಿಭೂತಿ ಹಿಂಗೆ ಉರಿಯಲ್ಲ ಅತ್ತಿ. ಇದು ಬ್ಯಾಟರಿ ಕಾರಿಕೊಂಡಿದ್ದು. ಬಿಸಿನೀರು ಹಾಕಿ ತೊಳೀಲೇನು?"

"ನಿನ್ನ ಬೆರಳು ಎಂಥದೋ, ಅದಕ್ಕೇ ಉರೀತೈತೆ" ಅಂದಳು ಅಜ್ಜಿ. ದೊಡ್ಡಪ್ಪ ನಕ್ಕ. ಅಪ್ಪನೂ ನಕ್ಕ. ಅಮ್ಮ ಒಳಗೆ ಹೋಗಿ ಮಜ್ಜಿಗೆ ಬಟ್ಟಲಲ್ಲಿ ಬೆರಳು ಅದ್ದಿಕೊಂಡು ಕೂತಳು. ನಾನು ಪಕ್ಕದಲ್ಲಿ ಕೂತು ಊದಿದೆ.

ಪುಡಿ ಹೆಚ್ಚುತ್ತ ಹೋಯಿತು, ಹಸಿರಿಗೆ ತಿರುಗಿತು. ನಮ್ಮ ನೂಕಾಟವೂ ಹೆಚ್ಚಿತು.

ಭತ್ತದ ಸುಗ್ಗಿಯಲ್ಲಿ ಅಮ್ಮನಿಗೆ ಹೆರಿಗೆ ನೋವು ಬಂತು. ಅಕಾಲದ ಮಳೆ ಬಿದ್ದು ಅಂಗಳವೆಲ್ಲ ಕೆಸರು. ಸೂಲಗಿತ್ತಿ ಹೊರಗೆ ಬಂದಳು.

"ಕೂಸು ಅಡ್ಡ ಐತೆ. ನನ್ನ ಕೈಲಿ ಆಗಲ್ಲ, ದಾವಣಗೆರಿಗೆ ಒಯ್ರಿ."

ಅಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ದೊಡ್ಡಪ್ಪ ಚಾವಿ ತಿರುವಿದ. ಟಕ್ ಅಂತು, ಅಷ್ಟೇ. ನೂಕಿದರೆ ಕೆಸರಲ್ಲಿ ಚಕ್ರ ಉರುಳದೆ ಜಾರಿತು. ಹಾಲು ಹಿಂಡುವ ಹೊತ್ತಿಗೆ ಹಿಡಿದ ನೂಕಾಟ ಉಣ್ಣುವ ಹೊತ್ತಾದರೂ ಮುಗಿಯಲಿಲ್ಲ.

"ಅದನ್ನ ಒರಸ್ರೀ" ಅಂದಳು ಅಮ್ಮ, ಮಲಗಿದಲ್ಲಿಂದ.

ದೊಡ್ಡಪ್ಪ ಅಜ್ಜಿಯ ಮುಖ ನೋಡಿದ. ಅಪ್ಪನೂ ಅವಳನ್ನೇ ನೋಡಿದ. ಅಮ್ಮ ಇನ್ನೊಮ್ಮೆ ಕೂಗಿದಾಗ ಅಜ್ಜಿ ತಾನೇ ಹೋಗಿ ಸೆರಗಿನಿಂದ ತಿಕ್ಕಿ ತಿಕ್ಕಿ ತೆಗೆದಳು. ದೊಡ್ಡಪ್ಪ ವೈರು ಬಿಗಿ ಮಾಡಿ ಚಾವಿ ತಿರುವಿದ. ಕಾರು ಒಂದೇ ಸಲಕ್ಕೆ ಶುರುವಾಯಿತು.

ಹರಿಹರ ದಾಟುವಷ್ಟರಲ್ಲಿ ಅಮ್ಮ ಹೋದಳು. ಕೂಸೂ ಉಳಿಯಲಿಲ್ಲ.

ಒಗೆದಾಗ ಅಜ್ಜಿಯ ಸೆರಗು ತೂತು ತೂತಾಯಿತು. ಆ ಸೀರೆಯನ್ನು ಅವಳು ಬಿಸಾಡಲಿಲ್ಲ, ಹರಿಯುವ ತನಕ ಉಟ್ಟಳು.

ಈಗ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ನನ್ನ ಮೊಮ್ಮಗನ ಕಾರಿದೆ. ಆಗಾಗ ಬಾನೆಟ್ ಎತ್ತಿಸಿ ನೋಡುತ್ತೇನೆ.

"ಅಜ್ಜಿ, ಈಗಿನ ಬ್ಯಾಟರಿಗೆ ಅದೆಲ್ಲ ಬ್ಯಾಡ" ಅನ್ನುತ್ತಾನೆ.

"ಎತ್ತೋ ಸುಮ್ನೆ" ಅನ್ನುತ್ತೇನೆ.

ಮನೆಯಲ್ಲಿ ಅಮ್ಮನದೊಂದು ಫೋಟೋ ಇಲ್ಲ. ಅವಳ ಮುಖ ನನಗೆ ಮರೆತುಹೋಗಿದೆ. ಮಜ್ಜಿಗೆಯಿಂದ ಮೇಲೆತ್ತಿದ ಆ ಕೆಂಪು ಬೆರಳಷ್ಟೇ ನೆನಪಿರುವುದು.